ಜನ ಬಂದರು, ಮತ ಎಂದು ಬಂತು?

ಊರು ಬೆಳೆದರೆ ಅದರ ರಾಜಕೀಯವೂ ಬದಲಾಗುವುದೆಂಬುದು ಎಲ್ಲರೂ ಆಡುವ ಮಾತು. ಆದರೆ ಹೊಸ ಮನೆಯಲ್ಲಿ ದೀಪ ಹಚ್ಚಿದ ದಿನಕ್ಕೂ, ಆ ಮನೆಯವರು ಮತಗಟ್ಟೆಯ ಮುಂದೆ ನಿಲ್ಲುವ ದಿನಕ್ಕೂ ನಡುವೆ ಎಷ್ಟು ವರ್ಷಗಳು ಸರಿಯುತ್ತವೆಂದು ಲೆಕ್ಕವಿಡುವವರು ವಿರಳ. ಅಮೆರಿಕದ ಜಾರ್ಜಿಯಾ ರಾಜ್ಯದ ಗ್ವಿನೆಟ್ ಕೌಂಟಿ ಈ ಲೆಕ್ಕಕ್ಕೆ ಒಳ್ಳೆಯ ನಿದರ್ಶನ.

ಕೌಂಟಿಯೆಂದರೆ ಸ್ಥೂಲವಾಗಿ ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ. ಗ್ವಿನೆಟ್ ಇರುವುದು ಅಟ್ಲಾಂಟಾ ನಗರದ ಈಶಾನ್ಯದಲ್ಲಿ. 1970ರಲ್ಲಿ ಅಲ್ಲಿದ್ದವರು ಸುಮಾರು 72 ಸಾವಿರ ಜನ. 2020ರ ಜನಗಣತಿಯಲ್ಲಿ 9,57,062! ಹೆದ್ದಾರಿ ಬಂದಿತು, ಹೊಲಗದ್ದೆಗಳು ನಿವೇಶನಗಳಾದುವು. 1990ರಲ್ಲಿ ನೂರಕ್ಕೆ ತೊಂಬತ್ತರಷ್ಟು ನಿವಾಸಿಗಳು ಬಿಳಿಯರೇ. ಆಮೇಲೆ ಕಪ್ಪುಜನಾಂಗದ ಮಧ್ಯಮವರ್ಗದ ಕುಟುಂಬಗಳು, ಲ್ಯಾಟಿನ್ ಅಮೆರಿಕದ ಶ್ರಮಜೀವಿಗಳು, ಕೊರಿಯನ್ನರು, ವಿಯೆಟ್ನಾಮೀಯರು, ಭಾರತೀಯರು ಒಬ್ಬರ ಹಿಂದೊಬ್ಬರು ಬಂದು ನೆಲೆಸಿದರು. ಅಲ್ಲಿನ ಲಿಲ್‌ಬರ್ನ್‌ನಲ್ಲಿ 2007ರಲ್ಲಿ ಭವ್ಯವಾದ ಸ್ವಾಮಿನಾರಾಯಣ ಮಂದಿರವೇ ಎದ್ದು ನಿಂತಿತು.

2010ರ ಗಣತಿಯ ಹೊತ್ತಿಗೇ ಬಿಳಿಯರು ಅರ್ಧಕ್ಕಿಂತ ಕಡಮೆಯಾಗಿದ್ದರು. ಹಾಗಿದ್ದರೂ 1980ರಿಂದ ರಿಪಬ್ಲಿಕನ್ ಪಕ್ಷವನ್ನೇ ಗೆಲ್ಲಿಸುತ್ತ ಬಂದಿದ್ದ ಕೌಂಟಿ 2012ರ ಅಧ್ಯಕ್ಷ ಚುನಾವಣೆಯಲ್ಲಿಯೂ ಅದನ್ನೇ ಗೆಲ್ಲಿಸಿತು. ಇದೇಕೆ ಹೀಗೆ?

ಜನಗಣತಿ ತೊಟ್ಟಿಲ ಕೂಸನ್ನೂ ಎಣಿಸುತ್ತದೆ; ಮತದಾರರ ಪಟ್ಟಿ ಎಣಿಸುವುದಿಲ್ಲ. ವಲಸೆಗಾರನು ಕಾಯಂ ನಿವಾಸದ ಪರವಾನಗಿ ಪಡೆದ ಮೇಲೂ ಪೌರತ್ವಕ್ಕಾಗಿ ಸಾಮಾನ್ಯವಾಗಿ ಐದು ವರ್ಷ ಕಾಯಬೇಕು. ಅಲ್ಲಿಯೇ ಹುಟ್ಟಿದ ಅವನ ಮಗು ಹುಟ್ಟಿನಿಂದಲೇ ಪೌರನಾದರೂ, ಮತ ಹಾಕಲು ಹದಿನೆಂಟು ತುಂಬಬೇಕು. ಇವೆಲ್ಲವನ್ನೂ ದಾಟಿದವರಿಗೆ ಭಾಷೆಯ ತೊಡಕು ಬೇರೆ. ಅಲ್ಪಸಂಖ್ಯಾತ ಭಾಷಿಕರಿಗೆ ನೆರವಾಗುವ ಕಾನೂನು 1975ರಿಂದ ಇದ್ದರೂ, ಅದರ ಅನ್ವಯ ಸ್ಪ್ಯಾನಿಷ್ ಭಾಷೆಯಲ್ಲಿಯೂ ಮತಪತ್ರ ನೀಡಬೇಕೆಂಬ ನಿರ್ಣಯ ಗ್ವಿನೆಟ್‌ಗೆ ಬಂದದ್ದು 2016ರ ಡಿಸೆಂಬರಿನಲ್ಲಿ.

ತಡವಾಗಿ ಬಂದ ಬದಲಾವಣೆ ಬಂದಾಗ ಮಾತ್ರ ವೇಗವಾಗಿಯೇ ಬಂದಿತು. 2016ರಲ್ಲಿ ಹಿಲರಿ ಕ್ಲಿಂಟನ್ ಇಲ್ಲಿ ಮುಂದಾದರು. 1818ರಲ್ಲಿ ಸ್ಥಾಪನೆಯಾದ ಕೌಂಟಿಯ ಆಡಳಿತ ಮಂಡಲಿಗೆ ಬಿಳಿಯರಲ್ಲದವರು ಮೊದಲ ಬಾರಿಗೆ ಚುನಾಯಿತರಾದುದು 2018ರಲ್ಲಿ, ಸರಿಯಾಗಿ ಇನ್ನೂರು ವರ್ಷಗಳ ತರುವಾಯ. 2020ರಲ್ಲಿ ಜೋ ಬೈಡನ್ ಜಾರ್ಜಿಯಾವನ್ನು ಗೆದ್ದದ್ದು ಕೇವಲ 11,779 ಮತಗಳ ಅಂತರದಿಂದ. ಗ್ವಿನೆಟ್ ಒಂದರಲ್ಲೇ ಅವರಿಗೆ ದೊರೆತ ಮುನ್ನಡೆ 75 ಸಾವಿರಕ್ಕೂ ಮಿಕ್ಕಿತ್ತು.

ಇಷ್ಟರಿಂದಲೇ ಹೊಸಬರೆಲ್ಲರೂ ಒಂದೇ ಕಟ್ಟಿನ ಸೌದೆಯೆಂದು ಭಾವಿಸಿದರೆ ತಪ್ಪಾದೀತು. ಅಟ್ಲಾಂಟಾದ ರೈಲು-ಬಸ್ಸು ವ್ಯವಸ್ಥೆಯನ್ನು ಸೇರುವ ಪ್ರಸ್ತಾಪವನ್ನು ಗ್ವಿನೆಟ್ 1971ರಲ್ಲಿಯೂ 1990ರಲ್ಲಿಯೂ ತಿರಸ್ಕರಿಸಿತ್ತು. ಜನರು ಬದಲಾಗಿದ್ದಾರೆ, ಈ ಸಲ ಒಪ್ಪಿಯಾರು ಎಂದು 2019ರ ಮಾರ್ಚಿನಲ್ಲಿ ಮತ್ತೆ ಕೇಳಿದರು. ಮತ ಹಾಕಲು ಬಂದವರೇ ಕೆಲವರು. ಉತ್ತರ ಮತ್ತೆ ‘ಬೇಡ’. ಅಧ್ಯಕ್ಷ ಚುನಾವಣೆಗೆ ಜನ ನೆರೆದ 2024ರ ನವೆಂಬರಿನಲ್ಲಿ ಸಾರಿಗೆಗಾಗಿ ತೆರಿಗೆ ಕೇಳಿದಾಗಲೂ ಅದೇ ಉತ್ತರ! ಪಕ್ಷ ಬದಲಾದರೂ ತೆರಿಗೆಯ ಮಾತು ಬಂದಾಗ ಗೃಹಸ್ಥನು ತನ್ನ ಕಿಸೆಯನ್ನು ಮುಟ್ಟಿ ನೋಡಿಕೊಳ್ಳದೆ ಇರುವನೆ?

ಕಡಲಾಚೆಯ ಅಂಥ ಉಪನಗರಗಳಲ್ಲಿ ನಮ್ಮವರ ಮಕ್ಕಳು ಮೊಮ್ಮಕ್ಕಳೂ ನೆಲೆಸಿದ್ದಾರೆ. ಕೆಲಸ ಹೇಗಿದೆ, ಮನೆ ಕೊಂಡಿರಾ ಎಂದು ನಾವು ಅವರನ್ನು ವಿಚಾರಿಸುತ್ತೇವೆ. ಮನೆಯೆದುರಿನ ರಸ್ತೆಗೆ, ಮಗುವಿನ ಶಾಲೆಗೆ ಎಷ್ಟು ಹಣವೆಂಬುದನ್ನು ನಿರ್ಧರಿಸುವವರು ಮತಪಟ್ಟಿಯಲ್ಲಿ ಹೆಸರುಳ್ಳವರು. ಆ ಪಟ್ಟಿಗೆ ನಿಮ್ಮ ಹೆಸರು ಸೇರಿತೇ ಎಂಬ ಪ್ರಶ್ನೆಯನ್ನೂ ಅವರಿಗೆ ಬರೆಯುವ ಮುಂದಿನ ಕಾಗದದಲ್ಲಿ ಸೇರಿಸಬಹುದಲ್ಲವೆ?