ಬಣ್ಣ ಕಮ್ಮಿ ಅಂದರೆ

ಕಾರ್ಕಳದ ಹತ್ತಿರದ ಬಜಗೋಳಿಯ ಒಂದು ಮನೆಯ ಚಾವಡಿಯಲ್ಲಿ ಮದುವೆ ಮಾತುಕತೆ ನಡೆದಿತ್ತು. "ಹುಡುಗಿ ಒಳ್ಳೆಯವಳೇ, ಬಣ್ಣ ಮಾತ್ರ ಸ್ವಲ್ಪ ಕಮ್ಮಿ" ಅಂದರು ಹಿರಿಯರೊಬ್ಬರು. ಒಳಗೆ ಚಹಾ ಸೋಸುತ್ತಿದ್ದವಳಿಗೆ ಅದು ಕೇಳಿಸಿತು. ಕಪ್ಪೂ ಒಂದು ಬಣ್ಣವೇ. ಆದರೂ ನಮ್ಮ ಮಾತಿನಲ್ಲಿ ಬಣ್ಣ ಅಂದರೆ ಬಿಳುಪು ಎಂಬ ಅರ್ಥ ಯಾವಾಗಲೋ ಬಂದು ಕೂತುಬಿಟ್ಟಿದೆ. ಅವತ್ತಿನಿಂದ ಈ ಪದ ನನ್ನನ್ನು ಬಿಟ್ಟಿಲ್ಲ.

ಸಂಸ್ಕೃತದ 'ವರ್ಣ' ಪ್ರಾಕೃತದಲ್ಲಿ 'ವಣ್ಣ' ಆಯಿತು, ಕನ್ನಡಕ್ಕೆ ಬಂದು 'ಬಣ್ಣ' ಆಯಿತು. ಇಂಥ ತದ್ಭವಗಳಿಗಾಗಿಯೇ ಕೇಶಿರಾಜ 13ನೇ ಶತಮಾನದಲ್ಲಿ ಶಬ್ದಮಣಿದರ್ಪಣದೊಳಗೆ ಒಂದು ಪ್ರಕರಣ ಬರೆದ. ನಮ್ಮ ಸೀಮೆಯವರಿಗೆ ಅಷ್ಟು ದೂರ ಹೋಗಬೇಕಾಗಿಲ್ಲ. ವನವು ಬನವಾಗಿ ತೋಟದ ಮೂಲೆಯ ನಾಗಬನದಲ್ಲಿದೆ. ವಸತಿ ಎಂಬುದು ಬಸದಿಯಾಗಿ, 1586ರಲ್ಲಿ ಕಾರ್ಕಳದ ಬಂಡೆಯ ಮೇಲೆ ಎದ್ದ ಚತುರ್ಮುಖ ಬಸದಿಯಲ್ಲಿ ನಿಂತಿದೆ. ಬಣ್ಣವೂ ಅದೇ ದಾರಿಯಲ್ಲಿ ಬಂದದ್ದು.

ಕೆಂಪು, ಕಪ್ಪು, ಬಿಳಿ, ಹಸುರು ನಮ್ಮವೇ ಪದಗಳು. ಹಸುರಿನೊಳಗೆ 'ಹಸಿ' ಇದೆ. ಬೆಳಕು, ಬೆಳ್ಳಿ, ಬಿಳಿ ಒಂದೇ ಬಳಗ. ಇವೆಲ್ಲವನ್ನೂ ಒಟ್ಟಿಗೆ ಕರೆಯಲು ತಮಿಳು, ಮಲಯಾಳಗಳಲ್ಲಿ 'ನಿರಂ' ಎಂಬ ಸ್ವಂತ ಪದವಿದೆ. ನಾವು ಮಾತ್ರ ಬಂದವನನ್ನೇ ಮನೆಯವನನ್ನಾಗಿ ಮಾಡಿಕೊಂಡೆವು.

ಮಾಡಿಕೊಳ್ಳುವಾಗ ಅವನ ಗಂಟಿನಲ್ಲಿದ್ದುದನ್ನೆಲ್ಲ ಒಳಗೆ ಬಿಟ್ಟುಕೊಳ್ಳಲಿಲ್ಲ ಎಂಬುದೇ ನನಗೆ ಬಹಳ ಇಷ್ಟದ ಸಂಗತಿ. ವರ್ಣವೆಂದರೆ ಬಣ್ಣ, ಅಕ್ಷರ, ಜೊತೆಗೆ ಜನರನ್ನು ಮೇಲೆ ಕೆಳಗೆ ಮಾಡಿದ ನಾಲ್ಕು ವರ್ಣಗಳು. ಆ ಕೊನೆಯ ಅರ್ಥ 'ವರ್ಣ'ದಲ್ಲೇ ಉಳಿಯಿತು, 'ಬಣ್ಣ'ಕ್ಕೆ ಇಳಿಯಲಿಲ್ಲ. ಇಳಿದು ಬಂದದ್ದು ಬಣ್ಣಿಸುವುದು, ಬಣ್ಣನೆ. ಕನ್ನಡದಲ್ಲಿ ಬಣ್ಣ ಬಳಿಯುವುದಕ್ಕೂ ಕಂಡದ್ದನ್ನು ಹೇಳುವುದಕ್ಕೂ ಒಂದೇ ಬೇರು. ಹೀಗೆ ಹೊಸ್ತಿಲಾಚೆ ಉಳಿದಿದ್ದ ಮೇಲುಕೀಳು "ಬಣ್ಣ ಕಮ್ಮಿ" ಎಂಬ ಎರಡು ಪದಗಳ ಹಿತ್ತಲ ಬಾಗಿಲಿನಿಂದ ಮತ್ತೆ ಒಳಗೆ ಬಂತಲ್ಲ, ಸಂಕಟ ಅದು.

ಇದೇ ಊರುಗಳಲ್ಲಿ ದೀಪಾವಳಿ ಕಳೆದ ಮೇಲೆ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ಅಲ್ಲಿ ವೇಷಧಾರಿಗಳೆಲ್ಲರೂ ಮುಖಕ್ಕೆ ಬಣ್ಣ ಹಚ್ಚುತ್ತಾರೆ, ಆದರೆ 'ಬಣ್ಣದ ವೇಷ' ಅನ್ನಿಸಿಕೊಳ್ಳುವುದು ಮುಖ್ಯವಾಗಿ ರಾಕ್ಷಸ ಪಾತ್ರ. ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನಲ್ಲಿ ಅದರಲ್ಲೂ ರಾಜಬಣ್ಣ, ಕಾಟುಬಣ್ಣ, ಹೆಣ್ಣುಬಣ್ಣ. ಬಣ್ಣದ ಮಾಲಿಂಗರಂಥ ಕಲಾವಿದರ ಹೆಸರಿಗೇ ಆ ಪದ ಅಂಟಿಕೊಂಡಿತು. ಬಣ್ಣದ ಮನೆಯಾದ ಚೌಕಿಯಲ್ಲಿ ಕನ್ನಡಿ ಹಿಡಿದು ಕೂತ ವೇಷಧಾರಿ ಕೆಂಪು ಎಳೆಯುತ್ತಾನೆ, ಕಪ್ಪು ತುಂಬುತ್ತಾನೆ, ಅಕ್ಕಿಹಿಟ್ಟು ಸುಣ್ಣ ಕಲಸಿ ಚುಟ್ಟಿಯ ಮುಳ್ಳುಗಳನ್ನು ಒಂದೊಂದಾಗಿ ಇಡುತ್ತಾನೆ. ಗಂಟೆಗಟ್ಟಲೆ ಕೆಲಸ. ಅಲ್ಲಿ ಕಪ್ಪು ತೆಳುವಾದರೆ ವೇಷಕ್ಕೆ ಬಣ್ಣ ಕಮ್ಮಿ. ರಾಕ್ಷಸನಿಗಲ್ಲವೇ ಆ ಕಪ್ಪು ಎಂದು ಯಾರಾದರೂ ಕೇಳಬಹುದು. ಕೃಷ್ಣ ಎಂಬ ಪದದ ಅರ್ಥವೂ ಕಪ್ಪು ಎಂದೇ.

ಈ ಪತ್ರಿಕೆಗೆ ಬರುವ ಕತೆಗಳನ್ನು ತಿದ್ದುವುದು ನನ್ನ ಕೆಲಸ. ಅವುಗಳಲ್ಲಿ ಪಾತ್ರವೊಂದು "ಬಣ್ಣ ಕಮ್ಮಿ" ಅಂದರೆ ಅದನ್ನು ಹಾಗೇ ಬಿಡುತ್ತೇನೆ. ಜನ ಹಾಗೆ ಆಡುವುದು ನಿಜ. ಕತೆಗಾರರೇ ತಮ್ಮ ದನಿಯಲ್ಲಿ ಹಾಗೆ ಬರೆದಿದ್ದರೆ ಇನ್ನು ಮುಂದೆ ಹಸ್ತಪ್ರತಿಯ ಅಂಚಿನಲ್ಲಿ ಕೇಳುತ್ತೇನೆ: ಯಾವ ಬಣ್ಣ?