ಮಹಾಗಾಂವದ ಮಗುವಿನ ಬಾಯಿಗೆ ಬೀಗ ಹಾಕಿದವರು ಯಾರು?



2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಕಲಬುರಗಿ ಜಿಲ್ಲೆ ಇಡೀ ರಾಜ್ಯಕ್ಕೇ ಕಟ್ಟಕಡೆ. ಇದಕ್ಕೆ ನಮ್ಮವರಿಗೆ ಗೊತ್ತಿರುವ ಮದ್ದು ಒಂದೇ: ಇನ್ನಷ್ಟು ಕಂಠಪಾಠ, ಇನ್ನಷ್ಟು ಪರೀಕ್ಷೆ!

ಬಡತನ ಇದೆ, ಶಿಕ್ಷಕರ ಕೊರತೆ ಇದೆ, ಒಪ್ಪೋಣ. ಆದರೆ ಯಾರೂ ಬಾಯಿಬಿಡದ ಇನ್ನೊಂದು ಕಾರಣವಿದೆ. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಸಿಗುವ ಮಹಾಗಾಂವದಂಥ ಊರನ್ನೇ ನೋಡಿ. ಮನೆಯಲ್ಲಿ ಕಲಬುರಗಿ ಕನ್ನಡ, ಓಣಿಯಲ್ಲಿ ಉರ್ದು, ತಾಂಡಾದಲ್ಲಿ ಲಂಬಾಣಿ. ಶಾಲೆಯಲ್ಲಿ ಮಾತ್ರ ಪುಸ್ತಕದ ಕನ್ನಡ. "ಹಿಂಗ ಮಾತಾಡಬ್ಯಾಡ" ಎಂದು ಗದರಿಸಿದ ದಿನವೇ ಮಗುವಿನ ಬಾಯಿಗೆ ಬೀಗ ಬೀಳುತ್ತದೆ. ಆ ಬೀಗದ ಕೀಲಿಕೈ ನಾಟಕ.

ಇದು ಹೊರಗಿನಿಂದ ತಂದ ಮಾತಲ್ಲ. ಓದು ಬಾರದವರೂ ಕಾವ್ಯ ಬಲ್ಲವರೆಂದು ಕನ್ನಡಿಗರನ್ನು ಕೊಂಡಾಡಿದ ಕವಿರಾಜಮಾರ್ಗ ಹುಟ್ಟಿದ್ದು ಇದೇ ಜಿಲ್ಲೆಯ ಮಳಖೇಡದ ದೊರೆಯ ಆಸ್ಥಾನದಲ್ಲಿ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿ ಮೇಲಿನ ತರಗತಿಗಳ ಕಲಿಕೆ ಉರ್ದುವಿನಲ್ಲಿ ನಡೆಯಿತು. ಆಗ ಕನ್ನಡದ ಶಾಲೆ ಯಾವುದು? ಬಯಲಾಟದ ಅಟ್ಟ! ಅಕ್ಷರ ಅರಿಯದ ರೈತ ಮಾಸ್ತರನ ಮುಂದೆ ತಾಲೀಮು ಮಾಡಿ ಇಡೀ ಪ್ರಸಂಗವನ್ನು ನಾಲಿಗೆ ಮೇಲೆ ಇಟ್ಟುಕೊಂಡ.

ಶಾಲೆಗೂ ಇದು ಹೊಸದಲ್ಲ. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು 1930ರ ದಶಕದಲ್ಲೇ ಮಕ್ಕಳ ಕಲಿಕೆಗೆ ಆಟ, ನಾಟಕ, ಕುಣಿತಗಳನ್ನು ಬೆಸೆದರು. ಬಿ.ವಿ. ಕಾರಂತರು ಟ್ಯಾಗೋರರ ಗಿಣಿಯ ಕಥೆಯಿಂದ 'ಪಂಜರ ಶಾಲೆ' ಕಟ್ಟಿದರು. ಪುಸ್ತಕ ತುರುಕಿ ಗಿಣಿಯನ್ನು ಕೊಲ್ಲುವ ಆ ಕಥೆ ಇಂದಿಗೂ ಸುಳ್ಳಾಗಿಲ್ಲ. ಇಂಗ್ಲೆಂಡಿನ ಕವೆಂಟ್ರಿಯ ರಂಗತಂಡ ಶಾಲೆಗಳಿಗೆ ಹೋಗಿ ನಾಟಕದಿಂದ ಪಾಠ ಕಲಿಸತೊಡಗಿದ್ದು 1965ರಲ್ಲಿ. ನಮ್ಮ ಕಾರಂತಜ್ಜ ಅದಕ್ಕಿಂತ ಮೂರು ದಶಕ ಮುಂದಿದ್ದರು! 1990ರ ದಶಕದ ಸಾಕ್ಷರತಾ ಆಂದೋಲನ ಹಳ್ಳಿಗಳಿಗೆ ಹೋದದ್ದೂ ಕಲಾಜಾಥಾದ ಹಾಡು, ಬೀದಿನಾಟಕಗಳ ಹೆಗಲೇರಿ.

ನಾಟಕವೆಂದರೆ ಗ್ಯಾದರಿಂಗ್ ದಿನ ಬಣ್ಣ ಬಳಿದು ಸಿನಿಮಾ ಹಾಡಿಗೆ ಕುಣಿಸುವುದಲ್ಲ. ಅನುಭವ ಮಂಟಪದ ಪಾಠವನ್ನು ಐದು ಪ್ರಶ್ನೋತ್ತರವಾಗಿ ಬರೆಸಿ ನೋಡಿ, ಪರೀಕ್ಷೆಯ ಮರುದಿನ ಮರೆತು ಹೋಗುತ್ತದೆ. ಅದನ್ನೇ ಆಡಿಸಿ. ಒಬ್ಬಳು ಅಕ್ಕಮಹಾದೇವಿ, ಒಬ್ಬ ಅಲ್ಲಮ, ಒಬ್ಬ ಮಡಿವಾಳ ಮಾಚಯ್ಯ. ಅಲ್ಲಮ ಕೇಳಬೇಕು, ಅಕ್ಕ ಉತ್ತರಿಸಬೇಕು. ಉತ್ತರ ಹುಡುಕಲು ಆ ಹುಡುಗಿ ತಾನಾಗಿ ಪುಸ್ತಕ ತೆರೆಯುತ್ತಾಳೆ. ಮೊದಲು ಮನೆಮಾತಿನಲ್ಲೇ ಆಡಲಿ, ತಪ್ಪೇನು? ಲಂಬಾಣಿ ಮಗುವೂ ಉರ್ದು ಮನೆಯ ಮಗುವೂ ಕನ್ನಡವನ್ನು ಪ್ರೀತಿಯಿಂದ ಕಲಿಯುವುದು ಆಟದಲ್ಲಿ. ಬೆತ್ತದ ಭಯದಲ್ಲಿ ಅಲ್ಲ.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ರಂಗಕಲೆಗೆ ತರಗತಿಯಲ್ಲಿ ಜಾಗ ಕೊಡಿ ಎಂದಿತು. ಈ ಶತಮಾನದ ಮೊದಲ ದಶಕದಲ್ಲಿ ರಾಜ್ಯ ಸರ್ಕಾರ ಕೆಲವೇ ಕೆಲವು ಪ್ರೌಢಶಾಲೆಗಳಿಗೆ ನಾಟಕ ಶಿಕ್ಷಕರನ್ನು ನೇಮಿಸಿತು. ಸಾವಿರಾರು ಶಾಲೆಗಳ ನಾಡಿಗೆ ಇದು ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ!

ದುಡ್ಡಿಲ್ಲವೇ? 2024-25ರ ಬಜೆಟ್ಟಿನಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಘೋಷಿಸಿದ್ದು 5,000 ಕೋಟಿ ರೂಪಾಯಿ. ಕಟ್ಟಡಕ್ಕೆ ಹಣವಿದೆ, ಕಾಂಪೌಂಡಿಗೆ ಹಣವಿದೆ, ಮಗುವಿನ ಮಾತಿಗೆ ಮಾತ್ರ ಇಲ್ಲವೇ? ಕಲಬುರಗಿಯಲ್ಲೇ ರಂಗಾಯಣವಿದೆ. ಹೆಗ್ಗೋಡಿನ ನೀನಾಸಂ 1980ರಿಂದ ರಂಗ ಶಿಕ್ಷಣ ಕೊಡುತ್ತಿದೆ. ಕಲಿತವರಿದ್ದಾರೆ, ಕರೆಯುವವರಿಲ್ಲ.

ನಮ್ಮ ಬೇಡಿಕೆ ಸ್ಪಷ್ಟ. ಕಲ್ಯಾಣ ಕರ್ನಾಟಕದ ಪ್ರತಿ ಸರ್ಕಾರಿ ಪ್ರೌಢಶಾಲೆಗೆ ಒಬ್ಬ ನಾಟಕ ಶಿಕ್ಷಕ, ವಾರಕ್ಕೆ ಎರಡು ಪಿರಿಯಡ್ಡು. ಮಂಡಳಿ ಮುಂದಿನ ಕ್ರಿಯಾ ಯೋಜನೆಯಲ್ಲೇ ಇದನ್ನು ಸೇರಿಸಲಿ.

ನಗರದ ಗೆಳೆಯರೇ, ನಾಮಫಲಕದ ಕನ್ನಡಕ್ಕಾಗಿ ಬೀದಿಗಿಳಿದವರು ನಾವು. ನಾಲಿಗೆಯ ಕನ್ನಡಕ್ಕಾಗಿಯೂ ಇಳಿಯೋಣ. ಅರ್ಜಿ ಬರೆಯಿರಿ, ಶಾಸಕರನ್ನು ಕೇಳಿ. ಸರ್ಕಾರ ಕಣ್ಣು ಬಿಡುವವರೆಗೆ ಕಾಯಬೇಡಿ. ರಜೆಯಲ್ಲಿ ಊರಿಗೆ ಹೋದಾಗ ಶಾಲೆಯ ಅಂಗಳದಲ್ಲಿ ಒಂದು ಆಟ ಕಟ್ಟಿಸಿ. ಮಾತು ಬಂದ ಮಗುವನ್ನು ಯಾವ ಪರೀಕ್ಷೆಯೂ ಹೆದರಿಸಲಾರದು!