ಕಸಕ್ಕೆ ಬೆಲೆಯಿದ್ದ ನಗರ

ಈಜಿಪ್ಟಿನ ರಾಜಧಾನಿಯಾದ ಕೈರೋದಲ್ಲಿ ಒಂದು ಕಾಲಕ್ಕೆ ಮನೆಮನೆಯ ಕಸವನ್ನು ಹಣ ತೆತ್ತು ಕೊಳ್ಳುವವರಿದ್ದರೆಂದರೆ, ಕಸ ಸಾಗಿಸುವುದಕ್ಕಾಗಿ ವರ್ಷವರ್ಷವೂ ಕೋಟಿಗಟ್ಟಲೆ ವ್ಯಯಿಸುವ ನಮ್ಮ ಪಾಲಿಕೆಗಳ ಅಧಿಕಾರಿಗಳು ನಂಬಲಿಕ್ಕಿಲ್ಲ. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಪಶ್ಚಿಮದ ಮರುಭೂಮಿಯ ಓಯಸಿಸ್‌ಗಳಿಂದ ವಲಸೆ ಬಂದ ವಾಹಿಯಾ ಎಂಬ ಜನರು ಕಟ್ಟಡಗಳ ಮಾಲೀಕರಿಗೆ ಹಣ ಕೊಟ್ಟು ಅಲ್ಲಿನ ಕಸವನ್ನೆತ್ತುವ ಹಕ್ಕನ್ನು ಪಡೆಯುತ್ತಿದ್ದರು. ಅದನ್ನು ಒಣಗಿಸಿ ಸಾರ್ವಜನಿಕ ಸ್ನಾನಗೃಹಗಳ ಒಲೆಗಳಿಗೂ, ನಗರದ ಬಡವರ ನಿತ್ಯಾಹಾರವಾದ ಫೂಲ್ ಕಾಳನ್ನು ಬೇಯಿಸುವವರಿಗೂ ಉರುವಲಾಗಿ ಮಾರುತ್ತಿದ್ದರು. 1930 ಮತ್ತು 40ರ ದಶಕಗಳಲ್ಲಿ ಬೆಳೆ ಕೈಕೊಟ್ಟು ದಕ್ಷಿಣದ ಅಸ್ಯೂತ್ ಪ್ರಾಂತದಿಂದ ಬಂದ ಕಾಪ್ಟಿಕ್ ಕ್ರೈಸ್ತ ರೈತರು ಈ ವಾಹಿಯಾಗಳಿಗೆ ಹಣ ಸಲ್ಲಿಸಿ, ಅಡುಗೆಮನೆಯ ಎಂಜಲನ್ನು ಕೊಂಡೊಯ್ದು ಹಂದಿಗಳನ್ನು ಸಾಕತೊಡಗಿದರು. ಇವರೇ ಝಬ್ಬಾಲೀನರು.

ಊರಿಂದೂರಿಗೆ ಎಬ್ಬಿಸಲ್ಪಟ್ಟು ಕಡೆಗೆ 1970ರ ಸುಮಾರಿಗೆ ಮೊಕತ್ತಮ್ ಬೆಟ್ಟದ ಬುಡದಲ್ಲಿ ನೆಲೆಯೂರಿದ ಈ ಜನರ ಕೇರಿಯಲ್ಲಿ ಮನೆಯ ಕೆಳಅಂತಸ್ತೇ ಕಾರ್ಖಾನೆ. ಗಂಡಸರು ನಸುಕಿನಲ್ಲೆದ್ದು ಬಹುಮಹಡಿ ಕಟ್ಟಡಗಳ ಮೆಟ್ಟಿಲು ಹತ್ತಿ, ಮನೆಬಾಗಿಲಿನಿಂದಲೇ ಹೊತ್ತು ತಂದ ಮೂಟೆಗಳನ್ನು ಹೆಂಗಸರೂ ಹುಡುಗಿಯರೂ ನೆಲದ ಮೇಲೆ ಸುರಿದುಕೊಂಡು, ಕಾಗದ, ಗಾಜು, ತಗಡು, ಮೂಳೆ, ಚಿಂದಿ ಎಂದು ವಿಂಗಡಿಸುತ್ತಾರೆ. ಪ್ಲಾಸ್ಟಿಕ್ಕನ್ನಂತೂ ಅದರ ಜಾತಿಜಾತಿಯನ್ನು ಬೆರಳ ತುದಿಯಿಂದಲೇ ಬಲ್ಲವರಾಗಿ ಬೇರ್ಪಡಿಸಿ, ತೊಳೆದು, ಪುಡಿಮಾಡಿ ಮಾರುತ್ತಾರೆ. ಹೀಗೆ ಅವರು ಸಂಗ್ರಹಿಸಿದ ಕಸದಲ್ಲಿ ಸುಮಾರು ಶೇಕಡ 80 ಭಾಗ ಪುನಃ ಬಳಕೆಗೆ ಸಲ್ಲುತ್ತಿತ್ತೆಂದು ಅಂದಾಜು. ಅಲ್ಲಿನ ಒಂದು ಶಾಲೆಯ ಕ್ರಮವಂತೂ ವಿಲಕ್ಷಣವಾದುದು: ಖಾಲಿ ಷಾಂಪೂ ಬಾಟಲಿಗಳಲ್ಲಿ ನಕಲಿ ಸರಕು ತುಂಬಿ ಮಾರುವ ದಂಧೆಯಿಂದ ಬೇಸತ್ತ ತಯಾರಕರು ಬಾಟಲಿಗಿಷ್ಟೆಂದು ಹಣ ಕೊಟ್ಟು ಅವನ್ನು ನಾಶಪಡಿಸಲು ಒಪ್ಪಿದಾಗ, ಮಕ್ಕಳು ಆ ಬಾಟಲಿಗಳನ್ನು ಎಣಿಸುತ್ತಲೇ ಲೆಕ್ಕವನ್ನೂ, ಅದರ ಬಿಲ್ಲು ಬರೆಯುತ್ತಲೇ ಅಕ್ಷರವನ್ನೂ ಕಲಿತರು.

ಇಷ್ಟನ್ನೂ ಬಲ್ಲ ಜನ ಕಣ್ಣೆದುರಿಗಿರುವಾಗಲೇ ಕೈರೋದ ಆಡಳಿತವು 2003ರಲ್ಲಿ ಸ್ಪೇನ್ ಮತ್ತು ಇಟಲಿಯ ಕಂಪನಿಗಳಿಗೆ 15 ವರ್ಷಗಳ ಅವಧಿಗೆ ಕಸದ ಗುತ್ತಿಗೆಯನ್ನು ಕೊಟ್ಟಿತು. ಕಂಪನಿಗಳು ಪುನರ್ಬಳಕೆಗೆ ಒಪ್ಪಿಸಬೇಕಾಗಿದ್ದುದು ಶೇಕಡ 20 ಭಾಗವನ್ನು ಮಾತ್ರ. ಮಿಕ್ಕುದನ್ನು ನೆಲದಲ್ಲಿ ಹೂಳಿದರೆ ಸಾಕು. ಇದನ್ನು ಬರೆದ ಮಹಾಶಯರಿಗೆ ಅಂಕಗಣಿತ ತಿಳಿಯದೆ ಇರಲಿಲ್ಲ. ಬಡವರ ಕಸುಬನ್ನು ಲೆಕ್ಕಕ್ಕೆ ಹಿಡಿಯುವ ಅಭ್ಯಾಸ ಅವರಿಗಿರಲಿಲ್ಲ, ಅಷ್ಟೆ. ವಿದೇಶೀಯರ ದೊಡ್ಡ ಲಾರಿಗಳು ಹಳೆಯ ನಗರದ ಇಕ್ಕಟ್ಟಾದ ಓಣಿಗಳನ್ನು ಹೊಗಲಾರದೆ ಹೋದವು. ಬೀದಿಗಿಳಿದು ತೊಟ್ಟಿಗೆ ಕಸ ಹಾಕುವ ರೂಢಿ ಇಲ್ಲದ ನಾಗರಿಕರು ವಿದ್ಯುತ್ ಬಿಲ್ಲಿನೊಡನೆ ಕಂಪನಿಯ ಶುಲ್ಕವನ್ನೂ ತೆತ್ತು, ಬಾಗಿಲಿಗೆ ಬರುವ ಹಳೆಯ ಝಬ್ಬಾಲನಿಗೂ ಬೇರೆಯಾಗಿ ಹಣ ಕೊಟ್ಟರು. ಕೊಳ್ಳುವವರಿದ್ದ ವಸ್ತುವನ್ನು ಹೂಳಿಸುವುದಕ್ಕಾಗಿ ಒಂದು ನಗರವೇ ಎರಡೆರಡು ಬಾರಿ ತೆರಿಗೆ ತೆತ್ತಂತಾಯಿತು.

ಇದು ಸಾಲದೆಂಬಂತೆ 2009ರ ಏಪ್ರಿಲ್‌ನಲ್ಲಿ, ಹಂದಿಜ್ವರವೆಂಬ ಹೆಸರಿಗೆ ಬೆದರಿದ ಸರ್ಕಾರ ದೇಶದ ಹಂದಿಗಳನ್ನೆಲ್ಲ ಕೊಲ್ಲಲು ಆಜ್ಞೆ ಮಾಡಿತು. ಈ ಜ್ವರ ಮನುಷ್ಯರಿಂದ ಮನುಷ್ಯರಿಗೆ ಹಬ್ಬುತ್ತಿರುವುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದರೂ ಕೇಳುವವರಿರಲಿಲ್ಲ. ಸುಮಾರು 3 ಲಕ್ಷ ಹಂದಿಗಳು ಹತವಾದವು. ತಿನ್ನುವ ಹಂದಿಯೇ ಇಲ್ಲವೆಂದ ಮೇಲೆ ಎಂಜಲನ್ನು ಹೊತ್ತೊಯ್ದು ಆಗಬೇಕಾದುದೇನು? ಝಬ್ಬಾಲೀನರು ಹಸಿ ಕಸವನ್ನು ಮುಟ್ಟದಾದರು. ಕೆಲವೇ ತಿಂಗಳುಗಳಲ್ಲಿ ಕೈರೋದ ಬೀದಿಗಳಲ್ಲಿ ಕೊಳೆತ ರಾಶಿಗಳೆದ್ದವು.

ಮೊಕತ್ತಮ್‌ನ ಜೀವನವನ್ನು ವೈಭವೀಕರಿಸುವುದು ನನ್ನ ಉದ್ದೇಶವಲ್ಲ. ಗಾಜಿನ ಚೂರೂ ಆಸ್ಪತ್ರೆಯ ಸೂಜಿಯೂ ಬರಿಗೈಗೆ ಚುಚ್ಚುವ, ಕಾಮಾಲೆ ಮನೆಮನೆಯಲ್ಲಿ ಸುಳಿಯುವ, ಎಳೆಯ ಮಕ್ಕಳು ದುಡಿಯುವ ಕಸುಬಿದು. ಇದನ್ನು ಇದ್ದಂತೆಯೇ ಇರಗೊಡುವುದೂ ಕ್ರೌರ್ಯವೇ. ಆದರೆ ಪರಿಹಾರವೆಂದರೆ ಕಸುಬನ್ನೇ ಕಿತ್ತುಕೊಳ್ಳುವುದೆಂದು ಭಾವಿಸಿದುದು ತಪ್ಪಾಯಿತು. ಝಬ್ಬಾಲೀನರೊಡನೆ ದಶಕಗಳ ಕಾಲ ದುಡಿದಿದ್ದ ಲೈಲಾ ಇಸ್ಕಂದರ್ 2013ರಲ್ಲಿ ಪರಿಸರ ಸಚಿವೆಯಾದಾಗ, ಅವರನ್ನೇ ನೋಂದಾಯಿತ ಕಂಪನಿಗಳಾಗಿ ಸಂಘಟಿಸಿ, ಕೈಗವಸು, ಸಮವಸ್ತ್ರ, ವಾಹನಗಳೊಡನೆ ಅದೇ ಓಣಿಗಳಿಗೆ ಕಳುಹಿಸುವ ಯತ್ನ ಆರಂಭವಾಯಿತು. ಹತ್ತು ವರ್ಷ ಮೊದಲೇ ಮಾಡಬಹುದಾಗಿದ್ದ ಕೆಲಸ.

ಈ ಕಥೆಯನ್ನು ಓದುವ ಬೆಂಗಳೂರಿಗನಿಗೆ ಮಾವಳ್ಳಿಪುರ, ಮಂಡೂರುಗಳ ನೆನಪು ಬಾರದಿರದು. ನಗರದ ಕಸವನ್ನು ಹಳ್ಳಿಗರ ಹೊಲಬಾವಿಗಳ ಪಕ್ಕದಲ್ಲಿ ಸುರಿದು, ಅವರು ರಸ್ತೆಗೆ ಅಡ್ಡ ನಿಂತ ಮೇಲಷ್ಟೇ ಎಚ್ಚತ್ತವರು ನಾವು. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ 2011ರಲ್ಲಿ ಚಿಂದಿ ಆಯುವವರಿಗೆ ಗುರುತಿನ ಚೀಟಿ ಕೊಡಲು ತೊಡಗಿದುದು, ಮುಂದೆ ಕೆಲವು ವಾರ್ಡುಗಳ ಒಣ ಕಸದ ಕೇಂದ್ರಗಳನ್ನು ಅವರ ಕೈಗೇ ಒಪ್ಪಿಸಿದುದು ಶ್ಲಾಘ್ಯವಾದ ಕಾರ್ಯ. ಇದನ್ನು ಆಡಳಿತವು ಸಾಕಷ್ಟು ಹೆಮ್ಮೆಯಿಂದ ಹೇಳಿಕೊಳ್ಳುವುದಿಲ್ಲವೆಂಬುದು ನನ್ನ ದೂರು. ಆದರೆ ಸಾಗಿಸಿದ ಟನ್ನಿಗಿಷ್ಟೆಂದು ಹಣ ಕೊಡುವ ಗುತ್ತಿಗೆ ಇರುವಲ್ಲೆಲ್ಲ, ಕಸವನ್ನು ಆಯ್ದು ಅದರ ತೂಕವನ್ನು ತಗ್ಗಿಸುವವನು ಗುತ್ತಿಗೆದಾರನಿಗೆ ಶತ್ರುವೇ ಸರಿ, ಹಸಿ ಒಣ ಎರಡನ್ನೂ ಬೆರೆಸಿ ಅದುಮಿ ಒಯ್ಯುವ ಕಾಂಪ್ಯಾಕ್ಟರ್ ಲಾರಿಯೇ ಮಿತ್ರ. ಮುಂದಿನ ಟೆಂಡರು ಕರೆಯುವ ಅಧಿಕಾರಿಗಳು, ಹೂಳದೆ ಉಳಿಸಿದ ಪ್ರತಿ ಟನ್ನಿಗೂ ಸಾಗಣೆಯಷ್ಟೇ ದರವನ್ನು ನಿಗದಿಪಡಿಸಿ, ಆ ಹಣ ಗುತ್ತಿಗೆದಾರನ ಮೂಲಕ ಹಾಯದೆ ಆಯ್ದವರ ಬ್ಯಾಂಕು ಖಾತೆಗೆ ನೇರವಾಗಿ ಸಲ್ಲಬೇಕೆಂಬ ಒಂದು ಷರತ್ತನ್ನು ಸೇರಿಸಲಿ.